ಮುಯ್ಯಿ ಪಟ್ಟಿಯಲ್ಲಿ ಬರೆಯದ ಕೊಡುಗೆ

ನಮ್ಮ ಭಾಗ್ಯನಗರದಲ್ಲಿ ಮದುವೆ ಎಂದರೆ ಮಂಟಪದ ಬಾಗಿಲಲ್ಲಿ ಒಂದು ಟೇಬಲ್ಲು, ಒಂದು ನೋಟ್‌ಬುಕ್ಕು, ಎರಡು ಪೆನ್ನು ಇರಲೇಬೇಕು. "ಇಂವ ಪೇಪರಿನಾಂವ, ಅಕ್ಷರ ಚಲೋ ಅದಾವ" ಎಂದು ಹೇಳಿ ಆ ಟೇಬಲ್ಲಿಗೆ ಪ್ರತಿ ಸಲ ನನ್ನನ್ನೇ ಕೂರಿಸುತ್ತಾರೆ. ಬಂದವರು ಮುಯ್ಯಿ ಕೊಡುತ್ತಾರೆ, ನಾನು ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತೇನೆ. ಮದುವೆ ಮುಗಿದ ರಾತ್ರಿ ಮನೆಯವರು ಆ ಪಟ್ಟಿ ಓದಿಸಿಕೊಳ್ಳುತ್ತಾರೆ. "ನಾವು ಅವರ ಮಗಳ ಮದುವ್ಯಾಗ ಐನೂರು ಹಾಕಿದ್ವಿ, ಅವರು ಇನ್ನೂರ ಹಾಕ್ಯಾರ ನೋಡು" ಎಂಬ ಮಾತು ಆ ರಾತ್ರಿ ಎಲ್ಲ ಮನೆಯಲ್ಲೂ ಬರುತ್ತದೆ. ನಿಮ್ಮ ಮನೆಯಲ್ಲೂ ಬಂದಿರುತ್ತದೆ.

ಮುಯ್ಯಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬ್ಯಾಂಕು ಸಾಲ ಕೊಡದ ಕಾಲದಲ್ಲಿ ಬಡವರ ಮನೆಯ ಮದುವೆ ನಡೆಸಿದ್ದೇ ಈ ಪದ್ಧತಿ. ಇವತ್ತು ನಾನು ನಿಮಗೆ, ನಾಳೆ ನೀವು ನನಗೆ. ಬಡ್ಡಿ ಇಲ್ಲದ ಸಾಲ ಇದು. ಆದರೆ ಸಾಲ ಸಾಲವೇ. ತಿರುಗಿ ಕೊಡಲಾರದವರು ಈ ಪಟ್ಟಿಯೊಳಗೆ ಬರುವುದೇ ಇಲ್ಲ. ನಮ್ಮ ಓಣಿಯ ಒಬ್ಬ ಅಜ್ಜ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಯಾಕಜ್ಜಾ ಅಂದರೆ, "ಕೈಯಾಗ ಏನೂ ಇಲ್ಲದ ಹೋಗಿ ಉಣ್ಣಾಕ ನಾಚಿಕಿ ಬರತೈತೋ ತಮ್ಮಾ" ಅನ್ನುತ್ತಾನೆ.

ಆ ಅಜ್ಜನ ಮಾತು ಕೇಳಿದಾಗಿನಿಂದ ನನಗೆ ಕ್ರೈಸ್ತ ಧರ್ಮದ ಒಂದು ಬೋಧನೆ ಮತ್ತೆ ಮತ್ತೆ ನೆನಪಾಗುತ್ತಿದೆ. ಅದರ ಬಗ್ಗೆಯೇ ಇವತ್ತು ಬರೆಯುತ್ತಿದ್ದೇನೆ. ನಾನು ಕ್ರೈಸ್ತನಲ್ಲ. ಯಾರನ್ನೂ ಯಾವ ಧರ್ಮಕ್ಕೂ ಕರೆಯಲು ಬರೆಯುತ್ತಿಲ್ಲ. ಪಕ್ಕದ ಮನೆಯವರ ಒಲೆಯಲ್ಲಿ ಏನು ಬೇಯುತ್ತಿದೆ ಎಂದು ತಿಳಿದುಕೊಂಡರೆ ನಮ್ಮ ಅಡುಗೆಯೂ ಸುಧಾರಿಸುತ್ತದೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಊಟಕ್ಕೆ ಯಾರನ್ನು ಕರೆಯಬೇಕು?

ಲೂಕನು ಬರೆದ ಸುವಾರ್ತೆಯಲ್ಲಿ ಒಂದು ಪ್ರಸಂಗ ಇದೆ. ಯೇಸು ಒಬ್ಬ ದೊಡ್ಡ ಮನುಷ್ಯನ ಮನೆಗೆ ಊಟಕ್ಕೆ ಹೋಗಿರುತ್ತಾನೆ. ಕರೆದ ಯಜಮಾನನಿಗೇ ಅಲ್ಲಿ ಒಂದು ಮಾತು ಹೇಳುತ್ತಾನೆ. ಔತಣ ಮಾಡಿದಾಗ ಗೆಳೆಯರನ್ನು, ಬಳಗದವರನ್ನು, ಸಿರಿವಂತ ನೆರೆಯವರನ್ನು ಕರೆಯಬೇಡ, ಅವರು ನಿನ್ನನ್ನು ತಿರುಗಿ ಕರೆದು ತೀರಿಸಿಬಿಡುತ್ತಾರೆ. ಬಡವರನ್ನು, ಅಂಗವಿಕಲರನ್ನು, ಕಣ್ಣು ಕಾಣದವರನ್ನು ಕರೆ, ಯಾಕೆಂದರೆ ಅವರ ಹತ್ತಿರ ತೀರಿಸಲು ಏನೂ ಇಲ್ಲ. ಇದು ಅವನ ಮಾತಿನ ತಾತ್ಪರ್ಯ.

ಯೋಚಿಸಿ ನೋಡಿ. ಇದು ನೇರವಾಗಿ ಮುಯ್ಯಿ ಪಟ್ಟಿಯ ಮೇಲೆಯೇ ಆಡಿದ ಮಾತು. ತಿರುಗಿ ಬರುವ ಕಡೆ ಕೊಟ್ಟರೆ ಅದು ವ್ಯವಹಾರ, ತಿರುಗಿ ಬರದ ಕಡೆ ಕೊಟ್ಟರೆ ಮಾತ್ರ ಕೊಡುಗೆ. ಕ್ರೈಸ್ತ ನಂಬಿಕೆಯಲ್ಲಿ ದಾನಕ್ಕೆ ಇಷ್ಟು ಮಹತ್ವ ಯಾಕೆ ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಇಲ್ಲಿದೆ. ದೇವರು ಮನುಷ್ಯನಿಗೆ ಕೊಟ್ಟದ್ದನ್ನು ಮನುಷ್ಯ ತೀರಿಸಲು ಆಗುವುದಿಲ್ಲ ಎಂದು ಅವರು ನಂಬುತ್ತಾರೆ. ಜೀವ, ಮಳೆ, ಬೆಳೆ, ಕ್ಷಮೆ ಎಲ್ಲವೂ ತೀರಿಸಲಾಗದ ಕೊಡುಗೆ. ಹಾಗಾಗಿ ದೇವರಿಗೆ ತೀರಿಸುವ ಬದಲು, ನಿನಗೆ ತೀರಿಸಲಾರದವನಿಗೆ ನೀನು ಕೊಡು. ಉದಾರವಾಗಿ ಕೊಡುವುದು ಅವರಿಗೆ ಪುಣ್ಯ ಗಳಿಸುವ ದಾರಿಗಿಂತ ಹೆಚ್ಚಾಗಿ, ಆಗಲೇ ಪಡೆದದ್ದನ್ನು ಮುಂದಕ್ಕೆ ಸಾಗಿಸುವ ಕೆಲಸ.

ಹೆಸರು ಕೇಳಿದ್ದಕ್ಕೆ ನಕ್ಕರು

ಒಮ್ಮೆ ಸುದ್ದಿಗೆಂದು ಗಂಗಾವತಿ ಕಡೆಯ ಒಂದು ಸಣ್ಣ ಚರ್ಚಿಗೆ ಹೋಗಿದ್ದೆ. ಅವತ್ತು ಅಲ್ಲಿ ಸುಗ್ಗಿ ಹಬ್ಬ. ಹೊಸ ಭತ್ತ, ಕುಂಬಳಕಾಯಿ, ಬಾಳೆಗೊನೆ, ಎರಡು ಕೋಳಿ, ಒಂದು ಬುಟ್ಟಿ ಮೊಟ್ಟೆ ಎಲ್ಲವನ್ನೂ ಮುಂದೆ ತಂದಿಟ್ಟಿದ್ದರು. ಪ್ರಾರ್ಥನೆ ಮುಗಿದ ಮೇಲೆ ಹರಾಜು ಶುರುವಾಯಿತು. ಒಂದು ಕುಂಬಳಕಾಯಿಯನ್ನು ಒಬ್ಬರು ಹೆಚ್ಚಿನ ಬೆಲೆಗೆ ಕೂಗಿ ಕೊಂಡರು, ಕೊಂಡ ಕೂಡಲೇ "ಮತ್ತ ಇಡ್ರಿ ಹರಾಜಿಗೆ" ಎಂದು ತಿರುಗಿ ಕೊಟ್ಟರು. ಅದೇ ಕುಂಬಳಕಾಯಿ ಮೂರು ಸಲ ಮಾರಾಟವಾಯಿತು. ಮಕ್ಕಳು ಕೇಕೆ ಹಾಕುತ್ತಿದ್ದರು.

ಅದಕ್ಕೂ ಮೊದಲು ಕಾಣಿಕೆ ಚೀಲ ಸಾಲಿನಿಂದ ಸಾಲಿಗೆ ಹೋಗಿತ್ತು. ಎಲ್ಲರೂ ಮುಷ್ಟಿ ಬಿಗಿ ಹಿಡಿದು ಚೀಲದೊಳಗೆ ಕೈ ಇಟ್ಟು ತೆಗೆಯುತ್ತಿದ್ದರು. ಐದು ರೂಪಾಯಿ ಹಾಕಿದವರು ಯಾರು, ಐನೂರು ಹಾಕಿದವರು ಯಾರು, ಪಕ್ಕದಲ್ಲಿ ಕುಳಿತವರಿಗೂ ಗೊತ್ತಾಗಲಿಲ್ಲ. ಖಾಲಿ ಕೈ ಇಟ್ಟು ತೆಗೆದವರೂ ಇದ್ದಿರಬಹುದು. ಅದೂ ಗೊತ್ತಾಗಲಿಲ್ಲ.

ಸುದ್ದಿಗೆ ಬೇಕು ಅಂತ ಸಭಾಪಾಲಕರನ್ನು ಕೇಳಿದೆ: "ಪಾಸ್ಟರ್, ಹೆಚ್ಚು ಕೊಟ್ಟೋರ ಹೆಸರು ಹೇಳ್ರಿ, ಹಾಕ್ತೀನಿ." ಅವರು ನಕ್ಕರು. "ಹೆಚ್ಚು ಯಾರು ಕೊಟ್ಟಾರಂತ ನನಗ ಹೆಂಗ ಗೊತ್ತಾಗಬೇಕ್ರೀ? ಅದು ಚೀಲದಾಗ ಬಿದ್ದ ರೊಕ್ಕ ನೋಡಿದ್ರ ತಿಳಿಯಂಗಿಲ್ಲ. ಮನಿಯಾಗ ಉಳಿದದ್ದ ನೋಡಿದ್ರ ತಿಳಿತೈತಿ" ಅಂದರು.

ಎಲ್ಲ ಚರ್ಚುಗಳೂ ಹೀಗೇ ಇವೆ ಎಂದು ಹೇಳಲಾರೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಓದುವ ಕಡೆಯೂ ಇವೆ, ಗೋಡೆಗೆ ಕಲ್ಲು ಹಾಕಿಸುವ ಕಡೆಯೂ ಇವೆ. ಆದರೆ ಆ ಪಾಸ್ಟರ್ ಹೇಳಿದ ಮಾತು ಅವರ ಸ್ವಂತದ್ದಲ್ಲ ಎಂದು ಆಮೇಲೆ ತಿಳಿಯಿತು. ಅದರ ಬೇರು ಸತ್ಯವೇದದ ಒಂದು ಸಣ್ಣ ಕಥೆಯಲ್ಲಿದೆ.

ಎರಡು ಕಾಸಿನ ಹೆಂಗಸು

ಯೇಸು ಯೆರೂಸಲೇಮಿನ ದೇವಾಲಯದಲ್ಲಿ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತಿದ್ದಾನೆ. ಸಿರಿವಂತರು ಬಂದು ಬಹಳ ಹಣ ಹಾಕುತ್ತಿದ್ದಾರೆ. ಒಬ್ಬ ಬಡ ವಿಧವೆ ಬಂದು ಎರಡು ಚಿಕ್ಕ ಕಾಸು ಹಾಕುತ್ತಾಳೆ. ಯೇಸು ಶಿಷ್ಯರನ್ನು ಕರೆದು, ಎಲ್ಲರಿಗಿಂತ ಹೆಚ್ಚು ಹಾಕಿದವಳು ಇವಳೇ, ಉಳಿದವರು ತಮ್ಮಲ್ಲಿ ಹೆಚ್ಚಾದದ್ದನ್ನು ಹಾಕಿದರು, ಇವಳು ತನ್ನ ಬದುಕಿಗೆ ಇದ್ದುದನ್ನೇ ಹಾಕಿದಳು ಎನ್ನುತ್ತಾನೆ.

ಈ ಕಥೆ ಬಹಳ ಜನಕ್ಕೆ ಗೊತ್ತು. ಆದರೆ ಮಾರ್ಕನ ಸುವಾರ್ತೆಯಲ್ಲಿ ಈ ಕಥೆಗೆ ಸ್ವಲ್ಪ ಮುಂಚೆ ಇನ್ನೊಂದು ಮಾತಿದೆ. ಅದನ್ನು ಕಾಣಿಕೆ ಕೇಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಉದ್ದ ನಿಲುವಂಗಿ ತೊಟ್ಟು, ಸಂತೆಯಲ್ಲಿ ನಮಸ್ಕಾರ ಬಯಸುತ್ತಾ, ಉದ್ದುದ್ದ ಪ್ರಾರ್ಥನೆ ಮಾಡುತ್ತಾ, ವಿಧವೆಯರ ಮನೆಗಳನ್ನು ನುಂಗಿಹಾಕುವ ಧರ್ಮಪಂಡಿತರ ಬಗ್ಗೆ ಎಚ್ಚರವಾಗಿರಿ ಎಂದು ಯೇಸು ಬೈಯುತ್ತಾನೆ. ಅದರ ಹಿಂದೆಯೇ ಈ ವಿಧವೆ ಬರುತ್ತಾಳೆ.

ಎರಡನ್ನೂ ಸೇರಿಸಿ ಓದಿದರೆ ಅರ್ಥ ಬೇರೆಯಾಗುತ್ತದೆ. ಬಡವಳು ಕೊಟ್ಟದ್ದು ದೊಡ್ಡದು, ನಿಜ. ಆದರೆ ಆ ಎರಡು ಕಾಸನ್ನು ತೆಗೆದುಕೊಂಡವರ ತಲೆಯ ಮೇಲೆ ಅಷ್ಟೇ ದೊಡ್ಡ ಭಾರ ಬಿತ್ತು. ಬಡವರ ಕೈಯಿಂದ ಬಂದ ಹಣ ಯಾವುದಕ್ಕೆ ಖರ್ಚಾಯಿತು ಎಂದು ಕೇಳುವ ಹಕ್ಕು ಈ ಕಥೆಯೊಳಗೇ ಇದೆ.

ಹೊಲದ ಅಂಚು ಯಾರದು?

ನೀವು ರೈತರಾಗಿದ್ದರೆ ಈ ಭಾಗ ನಿಮಗೆ ಹತ್ತಿರ ಅನ್ನಿಸುತ್ತದೆ. ಸತ್ಯವೇದದ ಹಳೆಯ ಭಾಗದಲ್ಲಿ, ಯೆಹೂದ್ಯರ ಧರ್ಮಶಾಸ್ತ್ರದಲ್ಲಿ, ಕೊಯ್ಲಿನ ಬಗ್ಗೆ ಒಂದು ಕಟ್ಟಳೆ ಇದೆ. ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬಾರದು. ಬಿದ್ದ ತೆನೆಯನ್ನು ಆಯಬಾರದು. ಹೊಲದಲ್ಲಿ ಮರೆತುಬಂದ ಸಿವುಡಿಗಾಗಿ ತಿರುಗಿ ಹೋಗಬಾರದು. ಅದು ಬಡವರ, ವಿಧವೆಯರ, ತಂದೆಯಿಲ್ಲದ ಮಕ್ಕಳ, ಪರದೇಶಿಗಳ ಪಾಲು.

ನಮ್ಮ ಕಡೆ ಇದಕ್ಕೆ ಹಕ್ಕಲು ಅನ್ನುತ್ತೇವೆ. ಯಲಬುರ್ಗಾ, ಕುಷ್ಟಗಿ ಕಡೆಯ ಎರಿ ಹೊಲಗಳಲ್ಲಿ ಜೋಳದ ಹಕ್ಕಲು, ಮಸಾರಿ ಹೊಲದಲ್ಲಿ ಶೇಂಗಾ ಹಕ್ಕಲು ಆಯ್ದು ಮಕ್ಕಳನ್ನು ಸಾಕಿದ ತಾಯಂದಿರನ್ನು ನಾನು ಕಂಡಿದ್ದೇನೆ. ಹಕ್ಕಲು ಆಯುವವಳು ಭಿಕ್ಷೆ ಬೇಡುತ್ತಿರಲಿಲ್ಲ. ಅವಳು ಬಗ್ಗಿ, ಬೆವರು ಸುರಿಸಿ ದುಡಿಯುತ್ತಿದ್ದಳು. ಕೊಡುವ ರೈತ ಅವಳ ಮುಖ ನೋಡುತ್ತಲೂ ಇರಲಿಲ್ಲ. ಬಿಟ್ಟು ಬರುತ್ತಿದ್ದ, ಅಷ್ಟೇ.

ಸತ್ಯವೇದದಲ್ಲಿ ರೂತಳು ಎಂಬ ಹೆಣ್ಣುಮಗಳ ಕಥೆ ಇರುವುದು ಇಂಥ ಹೊಲದಲ್ಲೇ. ಅವಳು ಬೇರೆ ದೇಶದವಳು, ಗಂಡ ಸತ್ತವಳು. ಅತ್ತೆಯನ್ನು ಸಾಕಲು ಬೋವಜನೆಂಬ ರೈತನ ಹೊಲದಲ್ಲಿ ಜವೆಗೋಧಿಯ ಹಕ್ಕಲು ಆಯುತ್ತಾಳೆ. ಬೋವಜ ಕೆಲಸದ ಆಳುಗಳಿಗೆ, ಬೇಕೆಂದೇ ಒಂದಿಷ್ಟು ತೆನೆ ಬೀಳಿಸಿರಿ, ಅವಳನ್ನು ಗದರಿಸಬೇಡಿರಿ ಎಂದು ಹೇಳಿಡುತ್ತಾನೆ. ಅವಳಿಗೆ ಗೊತ್ತಾಗದ ಹಾಗೆ ಕೊಡುತ್ತಾನೆ. ಮುಂದೆ ಅವಳ ವಂಶದಲ್ಲೇ ದಾವೀದ ಅರಸ ಹುಟ್ಟುತ್ತಾನೆ.

ಈಗ ನಮ್ಮ ಗಂಗಾವತಿ ಭಾಗದ ಭತ್ತದ ಗದ್ದೆಗೆ ಕಟಾವು ಯಂತ್ರ ಬಂದಿದೆ. ಗದ್ದೆಯ ಮೂಲೆಯವರೆಗೂ ಹೋಗಿ ಕೊಯ್ಯುತ್ತದೆ. ಯಂತ್ರ ಬೇಡ ಎಂದು ಯಾರೂ ಹೇಳಲಾಗದು, ಕೂಲಿಯವರು ಸಿಗುವುದೇ ಕಷ್ಟ. ಆದರೆ ಯಂತ್ರ ಬಂದಾಗ ಹಕ್ಕಲು ಹೋಯಿತು ಎಂದು ನಾವು ಯಾರೂ ಲೆಕ್ಕ ಹಾಕಲಿಲ್ಲ. ಹೋದ ಆ ಪಾಲಿನ ಬದಲಿಗೆ ಒಂದು ಚೀಲ ಭತ್ತವನ್ನು ಊರ ಶಾಲೆಗೋ, ಒಬ್ಬಂಟಿ ಮುದುಕಿಗೋ ಎತ್ತಿಡಬಹುದಲ್ಲ? ಅಂಚು ಬಿಡುವುದು ಎಂದರೆ ಇಂದಿನ ಕಾಲಕ್ಕೆ ಅದೇ.

ಐದು ಪೈಸೆಯಂಥ ಕಾಸಿನಿಂದ ಆದದ್ದು

"ಬಡವರು ಕೊಟ್ಟರೆ ಎಷ್ಟು ಆದೀತು?" ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ನೋಡಲು ದೂರ ಹೋಗಬೇಕಿಲ್ಲ. ಕೊಪ್ಪಳದಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿ ಗದಗಿನಲ್ಲಿ ಇಳಿದರೆ ಸಾಕು.

ಗದಗಿನ ಜೋಡಿ ಊರು ಬೆಟಗೇರಿ. ನಮ್ಮ ಭಾಗ್ಯನಗರದ ಹಾಗೆಯೇ ಮಗ್ಗದವರ ಊರು. ಅಲ್ಲಿ ಸಿ.ಎಸ್.ಐ. ಸಭೆಯ ಆಸ್ಪತ್ರೆ ಇದೆ. ಬೋರ್ಡಿನ ಮೇಲೆ ಏನೇ ಇರಲಿ, ಹಳೆಯ ಜನರ ಬಾಯಲ್ಲಿ ಅದು ಇವತ್ತಿಗೂ ಜರ್ಮನ್ ದವಾಖಾನಿ. ದೊಡ್ಡ ಆಸ್ಪತ್ರೆಗಳು ಇಲ್ಲದ ಕಾಲದಲ್ಲಿ ಈ ಭಾಗದ ಎಷ್ಟೋ ಬಾಣಂತಿಯರು, ಹಾವು ಕಡಿದವರು, ಜ್ವರ ಬಂದ ಮಕ್ಕಳು ಚಕ್ಕಡಿಯಲ್ಲೋ ರೈಲಿನಲ್ಲೋ ಅಲ್ಲಿಗೆ ಹೋದರು. ಜಾತಿ ಕೇಳಿ ಒಳಗೆ ಬಿಡುವ ದವಾಖಾನೆ ಅದಾಗಿರಲಿಲ್ಲ.

ಅದನ್ನು ಕಟ್ಟಿದ್ದು ಬಾಸೆಲ್ ಮಿಷನ್. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಶುರುವಾದ ಸಂಸ್ಥೆ ಅದು. 1834ರಲ್ಲಿ ಅದರ ಮೊದಲ ಮೂವರು ಮಂಗಳೂರಿಗೆ ಬಂದರು. ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಬಂದರು. ಪತ್ರಕರ್ತರಾದ ನಾವು ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನ ಆಚರಿಸುತ್ತೇವಲ್ಲ, ಅದು 1843ರಲ್ಲಿ ಇದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮೊದಲ ಕನ್ನಡ ಪತ್ರಿಕೆ 'ಮಂಗಳೂರು ಸಮಾಚಾರ' ತಂದ ದಿನ. 1894ರಲ್ಲಿ ಕನ್ನಡದ ದೊಡ್ಡ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಅವರನ್ನು ಈ ನಾಡಿಗೆ ಕಳಿಸಿದ್ದೂ ಇದೇ ಮಿಷನ್.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು? ಸಿರಿವಂತರೂ ಕೊಟ್ಟರು. ಆದರೆ 1850ರ ದಶಕದಲ್ಲಿ ಮಿಷನ್ನಿಗೆ ಹಣದ ಮುಗ್ಗಟ್ಟು ಬಂದಾಗ ಕಾರ್ಲ್ ಸರಾಸಿನ್ ಎಂಬವರು ಒಂದು ದಾರಿ ಹುಡುಕಿದರು. ಅವರು ಬಾಸೆಲ್‌ನಲ್ಲಿ ರೇಷ್ಮೆ ರಿಬ್ಬನ್ ನೇಯಿಸುವ ಕಾರ್ಖಾನೆಯ ಮಾಲೀಕರು. ಅವರ ದಾರಿ ಹೀಗಿತ್ತು: ಒಬ್ಬೊಬ್ಬರು ವಾರಕ್ಕೆ ಅರ್ಧ ಬಾಟ್ಸೆನ್ ಕೊಡಲಿ. ಬಾಟ್ಸೆನ್ ಎಂದರೆ ಅಲ್ಲಿನ ಹಳೆಯ ನಾಣ್ಯ. ಅರ್ಧ ಬಾಟ್ಸೆನ್ ಎಂದರೆ ಒಂದು ಫ್ರಾಂಕಿನ ಇಪ್ಪತ್ತರಲ್ಲಿ ಒಂದು ಪಾಲು. ನಮ್ಮ ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಐದು ಪೈಸೆ ಇದ್ದ ಹಾಗೆ. ಅಷ್ಟನ್ನು ಯಾರು ಬೇಕಾದರೂ ಕೊಡಬಹುದಿತ್ತು. ಕೂಲಿಯವರು, ಮನೆಗೆಲಸದ ಹೆಣ್ಣುಮಕ್ಕಳು, ಸಣ್ಣ ರೈತರಂಥವರೂ ಕೊಡುವ ಮೊತ್ತ ಅದು. ವಾರ ವಾರ ಕೂಡಿಸುತ್ತಾ ಹೋದ ಆ ಕಾಸು ಮಿಷನ್ನಿನ ದೊಡ್ಡ ಆಸರೆಯಾಯಿತು.

ಆ ಕಾಸು ಕೊಟ್ಟವರು ಬೆಟಗೇರಿ ನೋಡಿರಲಿಲ್ಲ. ಅಲ್ಲಿಗೆ ಬಂದ ನಮ್ಮ ಕಡೆಯ ಬಾಣಂತಿಯ ಹೆಸರು ಅವರಿಗೆ ಗೊತ್ತಿರಲಿಲ್ಲ. ಆ ಬಾಣಂತಿ ಅವರಿಗೆ ಮುಯ್ಯಿ ತೀರಿಸುವ ಪ್ರಶ್ನೆಯೇ ಇರಲಿಲ್ಲ.

ನಮ್ಮ ದೇಶದಲ್ಲೇ ಇನ್ನೊಂದು ಉದಾಹರಣೆ ಇದೆ. ಈಶಾನ್ಯದ ಮಿಜೋರಾಂ ರಾಜ್ಯದಲ್ಲಿ ಕ್ರೈಸ್ತರೇ ಹೆಚ್ಚು. ಅಲ್ಲಿನ ಹೆಣ್ಣುಮಕ್ಕಳು 1910ರಿಂದ ಒಂದು ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು. ಅವರ ಮಾತಿನಲ್ಲಿ ಅದಕ್ಕೆ 'ಬುಹ್‌ಫೈ ಥಾಮ್' ಅನ್ನುತ್ತಾರೆ, ಎಂದರೆ ಹಿಡಿ ಅಕ್ಕಿ. ಡಬ್ಬಿ ತುಂಬಿದ ಮೇಲೆ ಸಭೆಯವರು ಬಂದು ಒಯ್ದು ಮಾರುತ್ತಾರೆ. ಈ ಹಿಡಿ ಅಕ್ಕಿಯಿಂದಲೇ ಈಗ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಕೂಡುತ್ತದೆ. ಒಂದು ಹಿಡಿ ತೆಗೆದರೆ ಮನೆಯವರ ಊಟಕ್ಕೆ ಕಡಿಮೆ ಬೀಳುವುದಿಲ್ಲ. ಆದರೆ ಒಲೆಯ ಮುಂದೆ ನಿಂತ ತಾಯಿಗೆ ದಿನವೂ ಇನ್ನೊಬ್ಬರ ಹಸಿವು ನೆನಪಾಗುತ್ತದೆ.

ಇದೇ ಅಳತೆಯಿಂದ ಅವರನ್ನೂ ಅಳೆಯಬೇಕು

ಇಷ್ಟು ಓದಿದ ಮೇಲೆ ಕೆಲವರು ಕೇಳುತ್ತಾರೆ, "ಅಣ್ಣಾ, ಅವರು ಕೊಟ್ಟದ್ದು ಮತಾಂತರಕ್ಕಲ್ಲವೇನು?" ಕೇಳಬೇಕಾದ ಪ್ರಶ್ನೆಯೇ. ಮಿಷನ್ನಿನವರು ಧರ್ಮ ಸಾರಲೆಂದೇ ಬಂದವರು, ಅದನ್ನು ಅವರು ಮುಚ್ಚಿಟ್ಟಿರಲಿಲ್ಲ. ತಮ್ಮ ನಂಬಿಕೆಯನ್ನು ಹೇಳುವುದು ಒಂದು ವಿಷಯ. ಅಕ್ಕಿ ಚೀಲ ತೋರಿಸಿ, ಸಾಲೆಯ ಸೀಟು ತೋರಿಸಿ ನಂಬಿಕೆ ಬದಲಿಸು ಅನ್ನುವುದು ಬೇರೆ ವಿಷಯ. ಹಾಗೆ ಯಾರಾದರೂ ಮಾಡಿದರೆ ಅದು ಯೇಸು ಹೇಳಿದ ಕೊಡುಗೆ ಅಲ್ಲವೇ ಅಲ್ಲ, ಅದೂ ಮುಯ್ಯಿಯೇ. ಕೊಟ್ಟದ್ದಕ್ಕೆ ಪ್ರತಿಯಾಗಿ ಮನಸ್ಸನ್ನೇ ಕೇಳಿದ ಹಾಗಾಯಿತು. ಅವರ ತಪ್ಪನ್ನು ತೋರಿಸಲು ಬೇರೆ ಧರ್ಮದ ಗ್ರಂಥ ಬೇಕಿಲ್ಲ, ಅವರದೇ ಸಾಕು.

ಹಾಗೆಯೇ ದವಾಖಾನೆಯಲ್ಲಿ ಗುಣವಾಗಿ, ತಮ್ಮ ದೇವರಿಗೇ ಕೈ ಮುಗಿದು, ತಮ್ಮ ಊರಿಗೇ ತಿರುಗಿ ಬಂದ ಜನ ನಮ್ಮ ಕಡೆ ಎಷ್ಟು ಇದ್ದಾರೆ ಎಂಬುದನ್ನೂ ನೆನೆಯಬೇಕು.

ಎರಡನೆಯದು, ಈಗ ಫೋನಿನಲ್ಲಿ ಬರುವ ಕೆಲವು ಬೋಧಕರು. "ಬಿತ್ತನೆ ಕಾಣಿಕೆ ಹಾಕು, ದೇವರು ನೂರು ಪಟ್ಟು ಕೊಡುತ್ತಾನೆ" ಎಂದು ಕೆಳಗೆ ಖಾತೆ ನಂಬರು ತೋರಿಸುತ್ತಾರೆ. ಕೂಲಿ ದುಡ್ಡನ್ನೆಲ್ಲ ಹೀಗೆ ಹಾಕಿ ಮಗಳ ಸಾಲೆ ಫೀ ಕಟ್ಟಲಾಗದೆ ಕುಳಿತ ಒಬ್ಬ ತಾಯಿಯನ್ನು ನಾನು ಬಲ್ಲೆ. ನೂರು ಪಟ್ಟು ಬರುತ್ತದೆ ಎಂದು ಹಾಕುವುದು ಕೊಡುಗೆ ಅಲ್ಲ, ಚೀಟಿ ವ್ಯವಹಾರ. ಹಳೆಯ ಧರ್ಮಶಾಸ್ತ್ರದಲ್ಲಿ ಬೆಳೆಯ ಹತ್ತನೇ ಒಂದು ಪಾಲು, ಅಂದರೆ ದಶಮಾಂಶ, ಕೊಡಬೇಕೆಂಬ ಕಟ್ಟಳೆ ಇತ್ತು. ಆ ಕಟ್ಟಳೆಯಲ್ಲೇ ಪರದೇಶಿಗಳಿಗೆ, ತಂದೆಯಿಲ್ಲದ ಮಕ್ಕಳಿಗೆ, ವಿಧವೆಯರಿಗೆ ಹೊಟ್ಟೆ ತುಂಬ ಊಟವಾಗಲಿ ಎಂಬ ಮಾತೂ ಇದೆ. ವಿಧವೆಯ ಊಟ ಕಸಿದು ದಶಮಾಂಶ ತುಂಬಿಸಿಕೊಳ್ಳುವವರು ಅದನ್ನು ಓದಿಲ್ಲ, ಇಲ್ಲವೇ ಓದಿಯೂ ಹೇಳುತ್ತಿಲ್ಲ.

ಮೂರನೆಯದು ಲೆಕ್ಕ. ಸಂತ ಪೌಲ ತನ್ನ ಕಾಲದಲ್ಲಿ ಊರೂರಿನ ಸಭೆಗಳಿಂದ ಯೆರೂಸಲೇಮಿನ ಬಡವರಿಗಾಗಿ ಪಟ್ಟಿ ಎತ್ತಿದ. ವಾರಕ್ಕೊಮ್ಮೆ ಅವರವರ ಗಳಿಕೆಗೆ ತಕ್ಕಂತೆ ತೆಗೆದಿಡಿ ಎಂದ. ಬೇಸರದಿಂದಲೋ ಬಲವಂತಕ್ಕೋ ಕೊಡಬೇಡಿ, ಸಂತೋಷದಿಂದ ಕೊಡಿ ಎಂದ. ಆ ಹಣವನ್ನು ತಾನೊಬ್ಬನೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸಬಾರದೆಂದು ಸಭೆಗಳು ಆರಿಸಿದ ಬೇರೆಯವರನ್ನೂ ಜೊತೆಗಿಟ್ಟುಕೊಂಡ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಮಾತು ಇದು. ನಮ್ಮಲ್ಲಿ ಜಾತ್ರೆಯ ಪಟ್ಟಿ, ಗಣಪತಿ ಪಟ್ಟಿ, ಉರುಸಿನ ಚಂದಾ, ಚರ್ಚಿನ ಕಟ್ಟಡ ಫಂಡು ಯಾವುದೇ ಇರಲಿ, ಖರ್ಚಿನ ಹಾಳೆಯನ್ನು ಗೋಡೆಗೆ ಅಂಟಿಸುವ ಕಡೆ ಎಷ್ಟಿವೆ? ಕೊಟ್ಟವನ ಹೆಸರು ಗುಟ್ಟಾಗಿರಲಿ. ಖರ್ಚಿನ ಲೆಕ್ಕ ಮಾತ್ರ ಬಯಲಾಗಿರಲಿ. ನಾವು ಮಾಡುತ್ತಿರುವುದು ಇದರ ಉಲ್ಟಾ.

ನಾನು ತೆಗೆದ ಒಂದು ಫೋಟೋ

ಈಗ ನನ್ನ ಮಾತು. 2020ರ ಲಾಕ್‌ಡೌನಿನಲ್ಲಿ ಒಂದು ಹಳ್ಳಿಯಲ್ಲಿ ದಿನಸಿ ಕಿಟ್ ಹಂಚುವ ಕಾರ್ಯಕ್ರಮಕ್ಕೆ ನನ್ನನ್ನು ಕರೆದರು. ಅಕ್ಕಿ, ಬೇಳೆ, ಎಣ್ಣೆ, ಸಾಬೂನು ಇದ್ದ ಒಂದು ಚೀಲ. ಕೊಡುವವರು ಏಳು ಜನ, ಎಲ್ಲರ ಕೈಯೂ ಅದೇ ಚೀಲದ ಮೇಲೆ. ತೆಗೆದುಕೊಳ್ಳುವವಳು ಒಬ್ಬಳು. ಅವಳು ಸೆರಗು ಮುಂದಕ್ಕೆಳೆದುಕೊಂಡಳು. ಏಳು ಜನರಲ್ಲಿ ಒಬ್ಬರು "ಮುಖ ಮ್ಯಾಲೆ ಮಾಡಬೇ, ಫೋಟೋ ಬರಬೇಕು" ಅಂದರು. ಅವಳು ಮುಖ ಎತ್ತಿದಳು. ನಾನು ಕ್ಲಿಕ್ ಮಾಡಿದೆ. ಮರುದಿನ ಪೇಪರಿನಲ್ಲೂ ಬಂತು, ವಾಟ್ಸಾಪಿನಲ್ಲೂ ಹೋಯಿತು.

ಎರಡು ತಿಂಗಳ ಮೇಲೆ ಅದೇ ಊರಿಗೆ ಬೇರೆ ಸುದ್ದಿಗೆ ಹೋಗಿದ್ದೆ. ಆಕೆ ನನ್ನನ್ನು ಗುರುತು ಹಿಡಿದಳು. ಬೈಯಲಿಲ್ಲ. "ತಮ್ಮಾ, ಆ ಫೋಟೋ ನಮ್ಮ ಬೀಗರು ನೋಡ್ಯಾರ. ನನ್ನ ಮಗಳನ್ನ ಆ ಮನಿಗೆ ಕೊಟ್ಟೀನಿ. ನಿಮ್ಮವ್ವ ಊರ ಮುಂದ ಚೀಲಕ್ಕ ಕೈ ಒಡ್ಡಿ ನಿಂತಾಳ ಅಂತ ಅಕೀಗೆ ಅಂತಾರಂತ" ಎಂದಳು. ಅಷ್ಟು ಹೇಳಿ ಒಳಗೆ ಹೋದಳು.

ನಾನು ಡಿಪ್ಲೊಮಾ ಓದುವಾಗ ಫೋಟೋದ ಬೆಳಕು, ಕೋನ, ಶೀರ್ಷಿಕೆ ಎಲ್ಲ ಕಲಿತಿದ್ದೆ. ಒಂದು ಚೀಲ ಅಕ್ಕಿಯ ಬೆಲೆಯಾಗಿ ಒಬ್ಬ ತಾಯಿಯ ಮರ್ಯಾದೆಯನ್ನು ವಸೂಲಿ ಮಾಡಬಾರದು ಎಂದು ನನಗೆ ಕಲಿಸಿದವಳು ಆಕೆ.

ಮತ್ತಾಯನ ಸುವಾರ್ತೆಯಲ್ಲಿ ಯೇಸು ದಾನದ ಬಗ್ಗೆ ಹೇಳಿದ ಮಾತನ್ನು ಆಮೇಲೆ ಓದಿದೆ. ದಾನ ಮಾಡುವಾಗ ಜನ ಹೊಗಳಲೆಂದು ಬೀದಿಯಲ್ಲಿ ತುತ್ತೂರಿ ಊದಿಸಬೇಡ, ಬಲಗೈ ಮಾಡಿದ್ದು ಎಡಗೈಗೂ ತಿಳಿಯದಿರಲಿ ಎಂಬ ಅರ್ಥದ ಮಾತು. ಅವತ್ತು ಆ ಹಳ್ಳಿಯಲ್ಲಿ ತುತ್ತೂರಿ ಊದಿದವನು ನಾನೇ. ಕೊಟ್ಟವರು ಏಳು ಜನ ತಮ್ಮ ಕೂಲಿಯನ್ನು ಅಂದೇ ತೆಗೆದುಕೊಂಡರು, ಫೋಟೋದ ರೂಪದಲ್ಲಿ. ಹಾಗಾಗಿ ಅದು ಕೊಡುಗೆಯಾಗಿ ಉಳಿಯಲಿಲ್ಲ.

ನಮ್ಮ ರೊಟ್ಟಿಗೂ ಹೆಸರಿಲ್ಲ

ಈ ಬೋಧನೆ ನಮಗೆ ಹೊಸದೇನೂ ಅಲ್ಲ. ಬಸವಣ್ಣನವರ ಕಾಲದಿಂದ ದಾಸೋಹ ಎಂಬ ಮಾತು ನಮ್ಮಲ್ಲಿದೆ. ನಾನು ಕೊಟ್ಟೆ ಎಂಬ ಭಾವ ಬಿಟ್ಟು ಕೊಡುವುದೇ ದಾಸೋಹ. ಮುಸ್ಲಿಮರಲ್ಲಿ ಜಕಾತ್ ಇದೆ, ಗುಟ್ಟಾಗಿ ಕೊಡುವ ದಾನಕ್ಕೆ ಅವರಲ್ಲೂ ಹೆಚ್ಚಿನ ಬೆಲೆ ಇದೆ.

ಪ್ರತಿ ವರ್ಷ ಗವಿಮಠದ ಜಾತ್ರೆಗೆ ನಮ್ಮ ಜಿಲ್ಲೆಯ ಹಳ್ಳಿಗಳಿಂದ ಜೋಳದ ರೊಟ್ಟಿ ಬರುವುದನ್ನು ನೀವು ನೋಡಿದ್ದೀರಿ. ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ ಲಕ್ಷಗಟ್ಟಲೆ ರೊಟ್ಟಿ. ಮನೆ ಮನೆಯಲ್ಲಿ ಅವ್ವಂದಿರು ಒಲೆಯ ಮುಂದೆ ಕುಳಿತು ಬಡಿದ ರೊಟ್ಟಿ. ದಾಸೋಹದ ಪಂಕ್ತಿಯಲ್ಲಿ ನಿಮ್ಮ ತಟ್ಟೆಗೆ ಬಿದ್ದ ರೊಟ್ಟಿ ಯಾರು ಬಡಿದದ್ದು? ಗೊತ್ತಿಲ್ಲ. ಬಡಿದ ತಾಯಿಗೆ ತಿಂದವನು ಯಾರು ಎಂದು ಗೊತ್ತೇ? ಗೊತ್ತಿಲ್ಲ. ಅವಳು ಅದನ್ನು ಯಾವ ಪಟ್ಟಿಯಲ್ಲೂ ಬರೆಸುವುದಿಲ್ಲ. ನಮ್ಮ ಓಣಿಯ ಅಜ್ಜ ಮದುವೆಯಲ್ಲಿ ಉಣ್ಣಲು ನಾಚುತ್ತಾನೆ, ಆದರೆ ಜಾತ್ರೆಯ ದಾಸೋಹದಲ್ಲಿ ಎರಡು ಸಲ ಕೇಳಿ ಹಾಕಿಸಿಕೊಂಡು ಉಣ್ಣುತ್ತಾನೆ. ಮುಯ್ಯಿಗೂ ಕೊಡುಗೆಗೂ ಇರುವ ವ್ಯತ್ಯಾಸವನ್ನು ಅವನಿಗೆ ಯಾರೂ ವಿವರಿಸಬೇಕಿಲ್ಲ.

ಬಾಸೆಲ್‌ನ ಅರ್ಧ ಬಾಟ್ಸೆನ್, ಮಿಜೋರಾಂನ ಹಿಡಿ ಅಕ್ಕಿ, ಗಂಗಾವತಿಯ ಆ ಚರ್ಚಿನ ಮುಷ್ಟಿ ಕಾಣಿಕೆ, ನಮ್ಮವ್ವನ ರೊಟ್ಟಿ, ಇವೆಲ್ಲ ಒಂದೇ ಜಾತಿಯವು. ತೆಗೆದುಕೊಂಡವನು ತಲೆ ತಗ್ಗಿಸಬೇಕಿಲ್ಲದ ಕೊಡುಗೆಗಳು.

ಕೊನೆಗೆ ಮೂರು ಮಾತು ಕೇಳಿಕೊಳ್ಳುತ್ತೇನೆ.

ಒಂದು, ಓದುವ ನಿಮಗೆ. ಈ ವರ್ಷ ರಾಶಿ ಮುಗಿದ ಮೇಲೆ, ಇಲ್ಲವೇ ಪಗಾರ ಬಂದ ದಿನ, ನಿಮಗೆ ತಿರುಗಿ ಕೊಡಲಾಗದ ಒಬ್ಬರಿಗೆ ಏನಾದರೂ ಕೊಡಿ. ಸಣ್ಣದಾದರೂ ಸರಿ. ಅವರಿಗೆ ಕೊಟ್ಟದ್ದನ್ನು ಮೂರನೆಯವರಿಗೆ ಹೇಳಬೇಡಿ. ಮನೆಯಲ್ಲಿ ಮಕ್ಕಳ ಫೀಗೆ ಕಡಿಮೆ ಬೀಳುವಷ್ಟು ಕೊಡಬೇಡಿ. ಹಾಗೆ ಕೊಡು ಎಂದು ಹೆದರಿಸಿ ಕೇಳುವವರಿಗೆ ಕೊಡಲೇಬೇಡಿ.

ಎರಡು, ಸಂಘ ಸಂಸ್ಥೆಯವರಿಗೆ. ಕಿಟ್ ಹಂಚುವ, ನೋಟ್‌ಬುಕ್ ಹಂಚುವ, ಕಂಬಳಿ ಹಂಚುವ ಕಾರ್ಯಕ್ರಮಕ್ಕೆ ನಮ್ಮನ್ನು ಕರೆಯಿರಿ, ಬರುತ್ತೇವೆ. ಎಷ್ಟು ಕೂಡಿತು, ಎಷ್ಟು ಖರ್ಚಾಯಿತು ಕೊಡಿ, ಬರೆಯುತ್ತೇವೆ. ತೆಗೆದುಕೊಳ್ಳುವವರನ್ನು ಮಾತ್ರ ಸಾಲಾಗಿ ನಿಲ್ಲಿಸಬೇಡಿ.

ಮೂರು, ಈ ಬ್ಲಾಗಿನಲ್ಲಿ ಬರೆಯುವ ನಮ್ಮ ಗೆಳೆಯರಿಗೆ. ಸಹಾಯ ಪಡೆಯುವವರ ಮುಖದ ಫೋಟೋ ಇನ್ನು ಮುಂದೆ ಹಾಕುವುದು ಬೇಡ ಎಂದು ನಾವೆಲ್ಲ ಸೇರಿ ತೀರ್ಮಾನಿಸೋಣ. ನಾನು ಇವತ್ತಿನಿಂದಲೇ ಹಾಕುವುದಿಲ್ಲ. ಫೋಟೋ ಇಲ್ಲದಿದ್ದರೆ ಸುದ್ದಿ ಕಳಿಸಬೇಡಿ ಎಂದು ಮೇಲಿನವರು ಅನ್ನಬಹುದು. ಆಗ ಅಕ್ಕಿ ಚೀಲದ ಫೋಟೋ ಕಳಿಸುತ್ತೇನೆ. ಚೀಲಕ್ಕೆ ಬೀಗರು ಇರುವುದಿಲ್ಲ.